ಅಣ್ಣನಿಗೆ ಆರ್‌ಪಿ, ದೃಷ್ಟಿ ಕಿರಿದಾಗುತ್ತಿದೆ, ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಅಣ್ಣನಿಗೆ 44 ವರ್ಷ, ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರು. ಕಾಯಿಲೆ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಆರ್‌ಪಿ, ವಂಶವಾಹಿ ದೋಷದಿಂದ ಕಣ್ಣಿನ ಅಕ್ಷಿಪಟಲ ನಿಧಾನವಾಗಿ ಹಾಳಾಗುವಂಥದ್ದು. ನೇರ ನೋಟ ಇನ್ನೂ 6/12 ಇದೆ (ಬೇರೆಯವರು 12 ಮೀಟರ್‌ನಿಂದ ಓದುವುದನ್ನು ಇವರು 6 ಮೀಟರ್‌ನಿಂದ ಓದುತ್ತಾರೆ), ಸುತ್ತಲಿನ ನೋಟ 8 ಡಿಗ್ರಿಗೆ ಇಳಿದಿದೆ. ಚಿಕಿತ್ಸೆ ಇಲ್ಲ ಎಂದು ವೈದ್ಯರು ಹೇಳಿದ್ದಾರೆ. ಅಣ್ಣ ರಾಜೀನಾಮೆ ಬರೆದಿಟ್ಟುಕೊಂಡಿದ್ದಾರೆ.

ಆ ರಾಜೀನಾಮೆ ಪತ್ರವನ್ನು ಇವತ್ತೇ ಹರಿದು ಹಾಕಿಸಿ. ಸ್ವಯಂ ನಿವೃತ್ತಿಯ ಅರ್ಜಿಯೂ ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20(4)ನೇ ಕಲಂ ನಿಮ್ಮ ಅಣ್ಣನಂಥವರಿಗಾಗಿಯೇ ಇರುವುದು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಈಗಿನ ಹುದ್ದೆ ನಿಭಾಯಿಸಲು ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಸಿಗದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ, ಸಂಖ್ಯಾತಿರಿಕ್ತ ಹುದ್ದೆಯಲ್ಲಿ, ಅಂದರೆ ಮಂಜೂರಾದ ಸಂಖ್ಯೆಗಿಂತ ಹೆಚ್ಚುವರಿಯಾಗಿ ಮಾಡಿದ ಹುದ್ದೆಯಲ್ಲಿ, ಇಡಬಹುದು. ಆದರೆ ತಾನೇ ಕೈಯಾರೆ ರಾಜೀನಾಮೆ ಕೊಟ್ಟವರು ಈ ರಕ್ಷಣೆಯನ್ನು ತಾವೇ ಬಿಟ್ಟುಕೊಟ್ಟಂತೆ. ಸಹೋದ್ಯೋಗಿಗಳು ಪ್ರೀತಿಯಿಂದಲೇ 'ಮನೇಲಿ ಆರಾಮಾಗಿರಿ ಸಾರ್' ಅನ್ನುತ್ತಾರೆ. ಆ ಮಾತು ಕೇಳಿ 50 ದಾಟುವ ಮೊದಲೇ ಸಂಬಳ, ದಿನಚರಿ, ಗೆಳೆಯರು ಎಲ್ಲವನ್ನೂ ಕಳೆದುಕೊಂಡವರು ಬಹಳ ಮಂದಿ.

ಈಗ ಈ ಕಾಯಿಲೆಯಲ್ಲಿ ಆಗುವುದೇನು ಎಂಬುದನ್ನು ಮನೆಯವರೆಲ್ಲ ತಿಳಿದುಕೊಳ್ಳಬೇಕು. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿ ಮರೆಮಾಡುವ ಜಾಗ ಸುಮಾರು 10 ಡಿಗ್ರಿ. ಅಣ್ಣನಿಗೆ ಕಾಣುವುದು ಅದಕ್ಕಿಂತಲೂ ಸ್ವಲ್ಪ ಕಡಿಮೆ. ಅದರೊಳಗೆ ಬಿದ್ದದ್ದು ಚೆನ್ನಾಗಿಯೇ ಕಾಣುತ್ತದೆ, ಹೊರಗಿದ್ದದ್ದು ಇಲ್ಲವೇ ಇಲ್ಲ. ಹಾಗಾಗಿಯೇ ಪೇಪರ್ ಓದುವ ಮನುಷ್ಯ ಬಾಗಿಲಲ್ಲಿಟ್ಟ ಬಕೆಟ್ ಎಡವುತ್ತಾನೆ, ಮೊಬೈಲ್ ನೋಡುವವನು ಕೈ ಚಾಚಿ ನಿಂತವರಿಗೆ ಕೈ ಕೊಡುವುದಿಲ್ಲ. 'ನಾಟಕ ಮಾಡ್ತಾನೆ' ಎಂಬ ಮಾತು ಹುಟ್ಟುವುದು ಇಲ್ಲಿಂದಲೇ, ಅದರಷ್ಟು ನೋವು ಕೊಡುವುದು ಇನ್ನೊಂದಿಲ್ಲ. ಬೈಕ್ ಇನ್ನೂ ಓಡಿಸುತ್ತಿದ್ದರೆ ಇವತ್ತಿಗೇ ನಿಲ್ಲಬೇಕು. ಇದರಲ್ಲಿ ರಾಜಿ ಬೇಡ.

ಚಿಕಿತ್ಸೆ ಇಲ್ಲ ಅಂದಮಾತ್ರಕ್ಕೆ ಕಣ್ಣಿನ ಆಸ್ಪತ್ರೆಯ ಸಹವಾಸ ಮುಗಿಯಿತು ಎಂದಲ್ಲ. ಆರ್‌ಪಿ ಇರುವವರಿಗೆ ಸಣ್ಣ ವಯಸ್ಸಿನಲ್ಲೇ ಮಸೂರದ ಹಿಂಭಾಗದಲ್ಲಿ ಪೊರೆ ಬರಬಹುದು, ಅಕ್ಷಿಪಟಲದ ನಡುಭಾಗದಲ್ಲಿ ನೀರು ತುಂಬಿಕೊಳ್ಳಬಹುದು. ಎರಡಕ್ಕೂ ಚಿಕಿತ್ಸೆ ಇದೆ, ಎರಡೂ ಉಳಿದಿರುವ ನೇರ ನೋಟವನ್ನೇ ಕೆಡಿಸುವಂಥವು. ಆದ್ದರಿಂದ ವರ್ಷಕ್ಕೊಮ್ಮೆ ರೆಟಿನಾ ತಜ್ಞರ ಬಳಿ ಹೋಗಲೇಬೇಕು. ಜೀನ್ ಚಿಕಿತ್ಸೆಯ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಬಂದಿರುತ್ತದೆ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಲಕ್ಸ್‌ಟರ್ನಾ ಎಂಬುದು ಆರ್‌ಪಿಇ65 ಎಂಬ ಒಂದೇ ಜೀನಿನ ದೋಷ ಇರುವವರಿಗೆ ಮಾತ್ರ. ನಿಮ್ಮಲ್ಲಿ ಸೋದರಮಾವ, ಅತ್ತೆ ಮಕ್ಕಳ ಸಂಬಂಧದ ಮದುವೆಗಳಾಗಿದ್ದರೆ ಜೀನ್ ಪರೀಕ್ಷೆಯ ಬಗ್ಗೆ ತಜ್ಞರನ್ನು ಕೇಳಿ, ನೀವೂ ಕಣ್ಣು ತೋರಿಸಿಕೊಳ್ಳಿ. ಲಕ್ಷಗಟ್ಟಲೆ ಕಟ್ಟಿಸಿಕೊಂಡು 'ಸ್ಟೆಮ್ ಸೆಲ್ ಹಾಕ್ತೀವಿ' ಅನ್ನುವವರ ಹತ್ತಿರ ಹೋಗಬೇಡಿ.

ಇನ್ನು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರಿಗೆ ಕೊಡುವ ಗುರುತಿನ ಚೀಟಿ. ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ ಆಧಾರ್, ಫೋಟೊ, ವಿಳಾಸದ ದಾಖಲೆ ಹಾಕಿ ಅರ್ಜಿ ಸಲ್ಲಿಸಿ, ಜಿಲ್ಲಾಸ್ಪತ್ರೆ ಆರಿಸಿಕೊಂಡು, ಕರೆದ ದಿನ ಹೋಗಬೇಕು. ಆರ್‌ಪಿಯವರು ಎಡವುವುದು ಇಲ್ಲಿಯೇ. ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ, ಅಣ್ಣ ಸಲೀಸಾಗಿ ಓದುತ್ತಾರೆ, 'ಇವರಿಗೆ ಏನೂ ಇಲ್ಲ' ಎಂದು ಬರೆದು ಕಳಿಸುತ್ತಾರೆ. ಕಾಯ್ದೆಯ ಪ್ರಕಾರ ಅಳೆಯಬೇಕಾದ್ದು ಎರಡು. ಒಳ್ಳೆಯ ಕಣ್ಣಿನಲ್ಲಿ ಕನ್ನಡಕ ಹಾಕಿಯೂ 3/60ಕ್ಕಿಂತ ಕಡಿಮೆ ಇದ್ದರೆ ಅಂಧತ್ವ. ಅದಿಲ್ಲದಿದ್ದರೂ ನೋಟದ ವಿಸ್ತಾರ 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದೂ ಅಂಧತ್ವವೇ. ಅಣ್ಣ ಎರಡನೆಯ ಲೆಕ್ಕದಲ್ಲಿ ಬರುತ್ತಾರೆ. ಆದ್ದರಿಂದ ಪೆರಿಮೆಟ್ರಿ ಅನ್ನುವ ಫೀಲ್ಡ್ ಟೆಸ್ಟ್‌ನ ಎರಡೂ ಕಣ್ಣಿನ ಇತ್ತೀಚಿನ ವರದಿ ಕೈಯಲ್ಲಿರಬೇಕು. ಇಲ್ಲದಿದ್ದರೆ ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಮಾಡಿಸಿ. ತಪಾಸಣೆ ಮಾಡುವವರ ಮುಂದೆ ವರದಿ ಇಟ್ಟು, 'ವಿಸ್ತಾರದ ಆಧಾರದ ಮೇಲೂ ನೋಡಿ ಸಾರ್' ಎಂದು ಬಾಯಿಬಿಟ್ಟು ಕೇಳಿ. ಗುಣವಾಗದ ಕಾಯಿಲೆ ಎಂದು ಬರೆಸಿ, ಶಾಶ್ವತ ಪ್ರಮಾಣಪತ್ರ ಕೇಳಿ. ತಾತ್ಕಾಲಿಕ ಕೊಟ್ಟರೆ ಮತ್ತೆ ಮತ್ತೆ ಅಲೆಯಬೇಕಾಗುತ್ತದೆ.

ಅರ್ಜಿ ಹಾಕಲು ತೊಡಕಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಜನ ವಿಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ. ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ, ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ ಇರುತ್ತಾರೆ. ಇವರಲ್ಲಿ ಅನೇಕರು ತಾವೇ ವಿಕಲಚೇತನರು, ಯಾವ ಕಾಗದ ಯಾವ ಮೇಜಿನಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು.

ಕಾರ್ಡ್ ಬಂದ ಮೇಲೆ ಕಚೇರಿ ಮುಖ್ಯಸ್ಥರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 'ಅನುಕೂಲ ಮಾಡಿಕೊಡಿ' ಎಂದಷ್ಟೇ ಬರೆದರೆ ಏನೂ ಆಗದು. ಬೇಕಾದ್ದನ್ನು ಹೆಸರಿಸಿ: ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿದ ಕಂಪ್ಯೂಟರ್, ಹೆಡ್‌ಫೋನ್, ಸ್ಥಳ ತನಿಖೆ ಇಲ್ಲದ ಶಾಖೆ, ಕತ್ತಲಾಗುವ ಮೊದಲು ಹೊರಡಲು ಅನುಮತಿ, ತರಬೇತಿಗೆ ರಜೆ. ಸ್ಪಂದಿಸದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಎನ್‌ವಿಡಿಎ ಎಂಬುದು ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಪೂರ್ತಿ ಉಚಿತ. ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದಂತಿದೆ, ಮೊದಮೊದಲು ಕಿವಿಗೆ ಒಗ್ಗದು, ಆದರೆ ವೇಗ ಹೆಚ್ಚಿಸಿದಾಗಲೂ ಸ್ಪಷ್ಟವಾಗಿರುತ್ತದೆ. ಸರ್ಕಾರಿ ಕಚೇರಿಯಲ್ಲಿ ದೊಡ್ಡ ತೊಂದರೆ ಬೇರೆ ಇದೆ. ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಎನ್‌ವಿಡಿಎ ಅದನ್ನೇ ಓದುತ್ತದೆ, ಒಂದು ಪದವೂ ಅರ್ಥವಾಗುವುದಿಲ್ಲ. 'ತಂತ್ರಾಂಶ ಕೆಲಸ ಮಾಡಲ್ಲ' ಎಂದು ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಕಡತವನ್ನು ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಅಕ್ಷರಕ್ಕೆ, ಪರಿವರ್ತಿಸಿದರೆ ಸರಿಹೋಗುತ್ತದೆ. ಟೈಪಿಂಗ್‌ಗೆ ಅಭ್ಯಾಸವಾಗಿರುವ ನುಡಿ ಕೀಲಿಮಣೆ ವಿನ್ಯಾಸವನ್ನೇ ಯೂನಿಕೋಡ್‌ನಲ್ಲೂ ಬಳಸಬಹುದು, ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಅದು ಮೌನ. ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಚ್ಚಾದ ಕನ್ನಡವನ್ನು ಸುಮಾರಾಗಿ ಪಠ್ಯವಾಗಿ ಮಾಡಿಕೊಡುತ್ತದೆ. ಕೈಬರಹಕ್ಕೆ ಅದನ್ನು ನಂಬಬೇಡಿ, ಗೋಪ್ಯ ಕಡತಗಳನ್ನು ಹಾಕಲೂಬೇಡಿ.

ಫೋನ್ ಕಲಿಯುವುದಕ್ಕೆ ಈಗಲೇ ಸರಿಯಾದ ಕಾಲ, ಏಕೆಂದರೆ ಸ್ವಲ್ಪ ಕಾಣುವಾಗ ಕಲಿತದ್ದು ಬೇಗ ಕೈಗೆ ಹತ್ತುತ್ತದೆ. ಆಂಡ್ರಾಯ್ಡ್‌ನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಇದೆ. ಸೆಟ್ಟಿಂಗ್ಸ್‌ನಲ್ಲಿ ಅದರ ಶಾರ್ಟ್‌ಕಟ್ ಸಿದ್ಧಮಾಡಿಟ್ಟರೆ ವಾಲ್ಯೂಮ್ ಗುಂಡಿಗಳೆರಡನ್ನೂ 3 ಸೆಕೆಂಡ್ ಒತ್ತಿ ಹಾಕಬಹುದು, ತೆಗೆಯಬಹುದು. ಅದು ಚಾಲೂ ಆದ ಕೂಡಲೇ ಫೋನಿನ ನಡವಳಿಕೆ ಬದಲಾಗುತ್ತದೆ: ಒಂದು ಸಲ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಪುಟ ಸರಿಸಲು ಎರಡು ಬೆರಳು ಬೇಕು. ಇದು ಗೊತ್ತಿಲ್ಲದೆ ಮನೆಯವರು ಹಾಕಿಕೊಟ್ಟು, ಫೋನ್ ಕೆಟ್ಟಿತು ಎಂದು ಅಂಗಡಿಗೆ ಒಯ್ಯುವುದುಂಟು. ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಸಾಕು. ಯುಪಿಐ ಪಿನ್ ಒತ್ತುವಾಗ ಇಯರ್‌ಫೋನ್ ಇರಲಿ.

ಭೂತಗನ್ನಡಿ ಕೊಂಡು ತರಬೇಡಿ. ಬೇರೆ ಕಾಯಿಲೆಗಳಿಗೆ ಅದು ವರವೇ ಸರಿ, ಆದರೆ ಆರ್‌ಪಿಯಲ್ಲಿ ಅಕ್ಷರ ದೊಡ್ಡದಾದಷ್ಟೂ ಆ ಕಿರಿದಾದ ಜಾಗದೊಳಗೆ ಹಿಡಿಯುವ ಅಕ್ಷರಗಳು ಕಡಿಮೆಯಾಗುತ್ತವೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ, ಪಕ್ಕದಿಂದ ಬೀಳುವ ಒಳ್ಳೆಯ ಬೆಳಕು, ಬಿಸಿಲಿಗೆ ಅಂಚುಳ್ಳ ಟೋಪಿ ಇವು ಹೆಚ್ಚು ಕೆಲಸಕ್ಕೆ ಬರುತ್ತವೆ.

ಎಲ್ಲಕ್ಕಿಂತ ಹೆಚ್ಚು ವಿರೋಧ ಬರುವುದು ಬಿಳಿ ಕೋಲಿಗೆ. 'ನಾನಿನ್ನೂ ಕುರುಡನಾಗಿಲ್ಲ' ಅನ್ನುತ್ತಾರೆ. ಆದರೆ ಸುತ್ತಲಿನ ನೋಟ ಹೋದವರಿಗೆ ಕೋಲಿನಷ್ಟು ಕೂಡಲೇ ಉಪಯೋಗಕ್ಕೆ ಬರುವುದು ಬೇರೊಂದಿಲ್ಲ. ಕೋಲು ನೆಲ ನೋಡಿಕೊಂಡರೆ ಉಳಿದಿರುವ ಕಣ್ಣು ಮುಂದಿನ ದಾರಿ, ಬಸ್ಸಿನ ಬೋರ್ಡ್ ನೋಡಬಹುದು. ನೆಲದಿಂದ ಎದೆಮೂಳೆಯವರೆಗೆ ಬರುವ ಉದ್ದ ಬೇಕು. ಸೊಂಟದವರೆಗಿನ ಕೋಲು ಕೊಂಡರೆ ಚರಂಡಿ ಗೊತ್ತಾಗುವಷ್ಟರಲ್ಲಿ ಕಾಲು ಅದರೊಳಗಿರುತ್ತದೆ. ಹಿಡಿಯನ್ನು ಹೊಕ್ಕಳಿನ ನೇರಕ್ಕೆ ಹಿಡಿದು, ಭುಜದ ಅಗಲಕ್ಕಿಂತ ಒಂಚೂರು ಹೆಚ್ಚು ಬೀಸಬೇಕು. ಎಡಗಾಲು ಮುಂದೆ ಹೋಗುವಾಗ ತುದಿ ಬಲಕ್ಕೆ, ಬಲಗಾಲಿಗೆ ಎಡಕ್ಕೆ, ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿರುತ್ತದೆ. ನಮ್ಮ ಮುರಿದ ಫುಟ್‌ಪಾತ್‌ಗಳಲ್ಲಿ ತುದಿಯನ್ನು ಎತ್ತದೆ ನೆಲಕ್ಕೆ ತಾಗಿಸಿಕೊಂಡೇ ಸರಿಸುವುದು ಒಳ್ಳೆಯದು. ಕೋಲು ಹೇಳದೇ ಇರುವುದು ಸೊಂಟದ ಮೇಲಿನದ್ದನ್ನು: ಲಾರಿಯ ಕನ್ನಡಿ, ಬಾಗಿದ ಕೊಂಬೆ, ಅಂಗಡಿಯ ತಗಡಿನ ಮಾಡು. ಐಐಟಿ ದೆಹಲಿಯಲ್ಲಿ ರೂಪುಗೊಂಡ ಸ್ಮಾರ್ಟ್‌ಕೇನ್ ಹೊರಗಡೆ 3 ಮೀಟರ್‌ವರೆಗಿನ ಇಂಥ ಅಡ್ಡಿಗಳನ್ನು ಕಂಪನದಿಂದ ತಿಳಿಸುತ್ತದೆ. ಸಾದಾ ಕೋಲಿನಲ್ಲಿ ಪಳಗಿದ ಮೇಲೆ ಅದು. ಮಡಚುವ ಕೋಲಿನ ಒಳಗಿನ ಎಲಾಸ್ಟಿಕ್ ಸಡಿಲವಾದರೆ ನಡುರಸ್ತೆಯಲ್ಲಿ ಬಿಚ್ಚಿಕೊಳ್ಳುತ್ತದೆ, ತುದಿಯ ನೈಲಾನ್ ಒಂದೇ ಕಡೆ ಸವೆಯುತ್ತದೆ, ಆಗಾಗ ನೋಡಿಕೊಳ್ಳಿ. ಇನ್ನೂ ಬೆಳಕಿರುವ ಸಂಜೆ ಹೊತ್ತು, ಪರಿಚಯದವರು ಸಿಗದ ಬಡಾವಣೆಯಲ್ಲಿ ಶುರುಮಾಡಿದರೆ ಸಂಕೋಚ ಕಡಿಮೆ.

ಇದನ್ನೆಲ್ಲ ವಿಡಿಯೊ ನೋಡಿ ಕಲಿಯುವುದಕ್ಕಿಂತ ಕಲಿಸುವವರ ಬಳಿ ಹೋಗುವುದು ಮೇಲು. ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಮಿತ್ರ ಜ್ಯೋತಿ ಇದೆ, 1990ರಿಂದ. ಸ್ವತಂತ್ರ ಬದುಕಿನ ಕೌಶಲ, ಕಂಪ್ಯೂಟರ್ ಕಲಿಸುತ್ತಾರೆ, ಧ್ವನಿ ಪುಸ್ತಕಗಳ ಗ್ರಂಥಾಲಯವೂ ಇದೆ. ಅದೇ ನಗರದ ಎನೇಬಲ್ ಇಂಡಿಯಾ ಉದ್ಯೋಗದ ವಿಷಯದಲ್ಲಿ ಗಟ್ಟಿ. ಕೆಲಸದಲ್ಲಿದ್ದುಕೊಂಡೇ ದೃಷ್ಟಿ ಕಳೆದುಕೊಳ್ಳುತ್ತಿರುವವರು ಮಾತಾಡಬೇಕಾದ್ದು ಅವರ ಹತ್ತಿರ. ಸಮರ್ಥನಂ, ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್‌ನ ಕರ್ನಾಟಕ ಶಾಖೆ ಕೂಡ ಇವೆ. ಫೋನಿನಲ್ಲೇ ಮಾತಾಡಬೇಕೆಂದರೆ ದೆಹಲಿಯ ಸ್ಕೋರ್ ಫೌಂಡೇಷನ್ ನಡೆಸುವ ಐವೇ ಸಹಾಯವಾಣಿ ಇದೆ. ಹೋಗುವ ಮೊದಲು ಫೋನ್ ಮಾಡಿ ಎರಡು ವಿಷಯ ಕೇಳಿ: ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಿಗೆ ತರಬೇತಿ ಯಾವಾಗ, ಉಳಿದುಕೊಳ್ಳಲು ಜಾಗ ಇದೆಯೇ. ಇನ್ನೊಂದನ್ನೂ ಕೇಳಿ, ಆರ್‌ಪಿ ಇದ್ದು ಕೆಲಸದಲ್ಲಿರುವ ಒಬ್ಬರ ಜೊತೆ ಅಣ್ಣನನ್ನು ಮಾತಾಡಿಸಲು ಆಗುತ್ತದೆಯೇ ಎಂದು. ನೀವು, ನಾನು, ವೈದ್ಯರು ಹತ್ತು ಸಲ ಹೇಳಿದರೂ ನಾಟದ್ದು ಅಂಥವರ ಒಂದು ಫೋನ್ ಕರೆಯಲ್ಲಿ ನಾಟುತ್ತದೆ.

ಸವಲತ್ತುಗಳನ್ನು ಬೇಗ ಹೇಳಿಬಿಡುತ್ತೇನೆ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ತೆರಿಗೆ ಲೆಕ್ಕದ ಆದಾಯದಲ್ಲಿ, ವೈಕಲ್ಯ 40% ಅಥವಾ ಹೆಚ್ಚಿರುವವರಿಗೆ 75,000, 80% ಅಥವಾ ಹೆಚ್ಚಿರುವವರಿಗೆ 1,25,000 ರೂಪಾಯಿ ಕಡಿತ ಸಿಗುತ್ತದೆ, ಹೊಸ ಪದ್ಧತಿಯಲ್ಲಿ ಇಲ್ಲ. ಕೆಎಸ್‌ಆರ್‌ಟಿಸಿ ಪಾಸ್‌ಗೆ ಸೇವಾ ಸಿಂಧುವಿನಲ್ಲಿ ಅರ್ಜಿ. ರೈಲಿನ ರಿಯಾಯಿತಿಗೆ ನಿಯಮ ಬೇರೆ, ಅಣ್ಣನಿಗೆ ಸಿಗುತ್ತದೆಯೇ ಎಂದು ರೈಲ್ವೆಯವರನ್ನೇ ಕೇಳಿ. ಬ್ಯಾಂಕಿನವರು ಚೆಕ್‌ಬುಕ್, ಎಟಿಎಂ, ಲಾಕರ್ ಕೊಡಲ್ಲ ಅಂದರೆ ರಿಸರ್ವ್ ಬ್ಯಾಂಕಿನ 2008ರ ಸುತ್ತೋಲೆ ತೋರಿಸಿ, ದೃಷ್ಟಿ ಇಲ್ಲ ಎಂಬ ಕಾರಣಕ್ಕೆ ಯಾವುದನ್ನೂ ನಿರಾಕರಿಸುವಂತಿಲ್ಲ. ನೋಟು ಗುರುತಿಸಲು ಬೆರಳೇ ಸಾಕು: 100ರ ಅಂಚಿನಲ್ಲಿ 4 ಉಬ್ಬು ಗೆರೆ, 200ರಲ್ಲಿ 4 ಗೆರೆಯ ನಡುವೆ 2 ಚುಕ್ಕಿ, 500ರಲ್ಲಿ 5 ಗೆರೆ. ಸವೆದ ನೋಟಿನಲ್ಲಿ ಉಬ್ಬು ಹೋಗಿರುತ್ತದೆ, ಆಗ ಉದ್ದ ನೋಡಬೇಕು, 142, 146, 150 ಮಿಲಿಮೀಟರ್. ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ಯಾವ ನೋಟು ಎಂಬುದನ್ನು ಇಂಟರ್ನೆಟ್ ಇಲ್ಲದೆಯೂ ಹೇಳುತ್ತದೆ.

ಮನೆಯಲ್ಲಿ ನೀವು ಮಾಡಬೇಕಾದ್ದು ಕೆಲವು. ಬಾಗಿಲುಗಳು ಪೂರ್ತಿ ತೆರೆದಿರಲಿ ಅಥವಾ ಪೂರ್ತಿ ಮುಚ್ಚಿರಲಿ, ಅರ್ಧ ತೆರೆದ ಬಾಗಿಲಿನ ಅಂಚು ನೇರ ಹಣೆಗೇ ಬಡಿಯುತ್ತದೆ. ಮೆಟ್ಟಿಲಿನ ಅಂಚಿಗೆ ಹಳದಿ ಟೇಪ್ ಅಂಟಿಸಿ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಕಾಣುವುದೇ ಇಲ್ಲ, ಕಡುಬಣ್ಣದ ತಟ್ಟೆ ತನ್ನಿ. ರಾತ್ರಿ ಹೊರಗೆ ಕರೆದುಕೊಂಡು ಹೋಗುವಾಗ ಅವರ ರಟ್ಟೆ ಹಿಡಿದು ತಳ್ಳಬೇಡಿ. ನಿಮ್ಮ ಮೊಣಕೈಯ ಮೇಲ್ಭಾಗವನ್ನು ಅವರು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರಲಿ. ಮೆಟ್ಟಿಲು ಬಂದಾಗ ನಿಂತು, ಹತ್ತಬೇಕೋ ಇಳಿಯಬೇಕೋ ಹೇಳಿ. ಇಕ್ಕಟ್ಟಿನ ಜಾಗದಲ್ಲಿ ನಿಮ್ಮ ಕೈಯನ್ನು ಬೆನ್ನ ಹಿಂದಕ್ಕೆ ತಂದರೆ ಅವರು ನಿಮ್ಮ ಹಿಂದೆ ಸರಿಯುತ್ತಾರೆ. ಅತ್ತಿಗೆಗೂ ಮಕ್ಕಳಿಗೂ ಇದನ್ನು ಕಲಿಸಿಕೊಡಿ.