ಮೂವತ್ತು ಅಂದರೆ ಯಾವ ಮೂವತ್ತು? ಮೆಕ್ಸಿಕೊ ಟ್ಯಾಕ್ಸಿ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಭಾರತೀಯರಿಗೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. ಹಾಗಾಗಿ ಡಿಸೆಂಬರ್ ರಜೆ ಮುಗಿದ ಮೇಲೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮೆಕ್ಸಿಕೊದ್ದೇ ಜಾಸ್ತಿ. ಅವುಗಳಲ್ಲೂ ಟ್ಯಾಕ್ಸಿಯದ್ದು. ಈ ಸಲ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾವು ಡಲ್ಲಾಸ್‌ನಲ್ಲಿದ್ದೇವೆ, ಊರು ಶಿವಮೊಗ್ಗ. ಅಪ್ಪ ಅಮ್ಮನನ್ನೂ ಕರೆದುಕೊಂಡು ಕ್ಯಾನ್‌ಕುನ್‌ಗೆ ಹೋಗಿದ್ದೆವು. ಒಂದು ರಾತ್ರಿ ಊಟ ಮುಗಿಸಿ ಹೋಟೆಲಿಗೆ ವಾಪಸಾಗಲು ಟ್ಯಾಕ್ಸಿ ಕೇಳಿದೆ. ಡ್ರೈವರ್ ‘ಥರ್ಟಿ’ ಅಂದರು. ಮೂವತ್ತು ಪೆಸೊ (ಮೆಕ್ಸಿಕೊ ದುಡ್ಡು) ಅಂದುಕೊಂಡು ಹತ್ತಿದೆವು. ಐದಾರು ಕಿಲೋಮೀಟರ್ ಅಷ್ಟೆ. ಇಳಿಯುವಾಗ ಮೂವತ್ತು ಡಾಲರ್ ಕೊಡಿ ಅಂದರು. ಅಮ್ಮ ಗಾಬರಿಯಾದರು, ಕೊಟ್ಟುಬಿಟ್ಟೆ. ಇದು ಮೋಸ ಅಲ್ವಾ? ಮಾರ್ಚ್‌ನಲ್ಲಿ ಮತ್ತೆ ಹೋಗುವವರಿದ್ದೇವೆ.

ಉತ್ತರ: ಕೊಟ್ಟು ಇಳಿದಿರಲ್ಲ, ಒಳ್ಳೆಯದೇ ಮಾಡಿದಿರಿ. ರಾತ್ರಿ ಹೊತ್ತು, ಗೊತ್ತಿಲ್ಲದ ಊರು, ಜೊತೆಗೆ ವಯಸ್ಸಾದವರು. ಅಂಥ ಕಡೆ ಜಗಳಕ್ಕೆ ನಿಲ್ಲಬಾರದು.

ಇನ್ನು ಮೋಸದ ವಿಚಾರ. ನಿಮಗಾದ ಗೊಂದಲ ಆ ಡ್ರೈವರ್‌ಗೆ ಗೊತ್ತೇ ಆಗಲಿಲ್ಲ ಅಂದರೆ ನಾನು ನಂಬುವುದಿಲ್ಲ. ಆದರೆ ನಿಮ್ಮ ಲೆಕ್ಕವೂ ಸ್ವಲ್ಪ ತಪ್ಪಿದೆ. ಈಚಿನ ವರ್ಷಗಳಲ್ಲಿ ಒಂದು ಡಾಲರ್‌ಗೆ ಹೆಚ್ಚುಕಡಿಮೆ 17ರಿಂದ 20 ಪೆಸೊ ಸಿಗುತ್ತಿದೆ. ಮೂವತ್ತು ಪೆಸೊ ಅಂದರೆ ಎರಡು ಡಾಲರ್ ಕೂಡ ಆಗಲಿಲ್ಲ. ಮೆಜೆಸ್ಟಿಕ್‌ನಲ್ಲಿ ಆಟೊದವರು ರಾತ್ರಿ ಹತ್ತು ಗಂಟೆಗೆ ‘ಜಯನಗರಕ್ಕೆ ಇಪ್ಪತ್ತು ರೂಪಾಯಿ’ ಅಂದರೆ ನೀವು ಸುಮ್ನೆ ಹತ್ತುತ್ತಿದ್ದಿರಾ? ಬೆಲೆ ಜಾಸ್ತಿ ಆದಾಗ ಮಾತ್ರ ಅಲ್ಲ, ತೀರಾ ಕಡಿಮೆ ಕೇಳಿಸಿದಾಗಲೂ ಮರುಪ್ರಶ್ನೆ ಹಾಕಬೇಕು.

ಮೆಕ್ಸಿಕೊದಲ್ಲಿ ಪೆಸೊಗೂ ಡಾಲರ್‌ಗೂ ಚಿಹ್ನೆ ಒಂದೇ, ಎಸ್ ಅಕ್ಷರಕ್ಕೆ ಉದ್ದಕ್ಕೆ ಒಂದು ಗೀಟು. (ಆ ಚಿಹ್ನೆ ಮೊದಲು ಪೆಸೊದ್ದೇ. ಡಾಲರ್‌ಗೆ ಹೋದದ್ದು ಆಮೇಲೆ.) ಅಂಗಡಿ ಬೋರ್ಡಿನಲ್ಲಿ ಪಕ್ಕದಲ್ಲೇ ‘ಎಂ.ಎನ್.’ ಅಥವಾ ‘ಎಂಎಕ್ಸ್‌ಎನ್’ ಅಂತಿದ್ದರೆ ಅದು ಪೆಸೊ. ‘ಯುಎಸ್‌ಡಿ’ ಅಂತಿದ್ದರೆ ಡಾಲರ್. ಬಾಯಿಮಾತಿನಲ್ಲಿ ಈ ಗುರುತು ಯಾವುದೂ ಇರುವುದಿಲ್ಲ. ಪ್ರವಾಸಿಗರೇ ತುಂಬಿರುವ ಕ್ಯಾನ್‌ಕುನ್‌ನಲ್ಲಿ ಇಂಗ್ಲಿಷ್‌ನಲ್ಲಿ ಬೆಲೆ ಹೇಳಿದರೆ ಡಾಲರ್ ಅಂತಲೇ ಹಿಡಿಯಿರಿ.

ಇನ್ನೊಂದು ಮಾತು. ಕ್ಯಾನ್‌ಕುನ್ ಟ್ಯಾಕ್ಸಿಗಳಲ್ಲಿ ಮೀಟರ್ ಇಲ್ಲ. ಇಲ್ಲಿಂದ ಅಲ್ಲಿಗೆ ಇಷ್ಟು ಅಂತ ವಲಯದ ಲೆಕ್ಕ. ಹೋಟೆಲ್ ವಲಯದ ದರ ಊರೊಳಗಿನ ದರಕ್ಕಿಂತ ಬಹಳ ಜಾಸ್ತಿ, ಅದೂ ಅಧಿಕೃತವಾಗಿಯೇ. ಎಷ್ಟೋ ಹೋಟೆಲ್‌ಗಳ ಲಾಬಿಯಲ್ಲಿ ದರಪಟ್ಟಿ ಹಾಕಿರುತ್ತಾರೆ, ನೋಡಿದರೆ ತಲೆ ಬಿಸಿಯಾಗುತ್ತದೆ. ಅದು ದುಬಾರಿ, ಮೋಸ ಅಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಪಟ್ಟಿಯ ದರ ಕೇಳಿದ ಡ್ರೈವರ್ ಮೇಲೂ ರೇಗಿದವರನ್ನು ನೋಡಿದ್ದೇನೆ. ಪಟ್ಟಿಯಲ್ಲಿರುವುದಕ್ಕಿಂತ ಮೇಲೆ ಕೇಳಿದರೆ ಮಾತ್ರ ಅದು ಸುಲಿಗೆ.

ಹಾಗಾಗಿ ಮಾರ್ಚ್‌ನಲ್ಲಿ ಹೋಟೆಲಿಂದ ಹೊರಡುವ ಮೊದಲೇ ರಿಸೆಪ್ಷನ್‌ನಲ್ಲಿ ಕೇಳಿ: ‘ಇಂಥ ಕಡೆಯಿಂದ ವಾಪಸು ಬರಲು ಎಷ್ಟಾಗುತ್ತದೆ?’ ಆ ಅಂಕಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಟ್ಯಾಕ್ಸಿ ನಿಲ್ಲಿಸಿದ ಮೇಲೆ ಬಾಗಿಲು ತೆಗೆಯಬೇಡಿ. ಕಿಟಕಿಯ ಹತ್ತಿರ ಬಗ್ಗಿ ಹೋಟೆಲ್ ಹೆಸರು ಹೇಳಿ, ‘ಕ್ವಾಂತೊ ಮೆ ಕೋಬ್ರಾ?’ ಅನ್ನಿ. ಎಷ್ಟು ತಗೋತೀರಿ ಅಂತ. ಅವರು ಹೇಳಿದ ಅಂಕಿಯನ್ನು ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ, ಪರದೆ ಅವರ ಕಡೆ ತಿರುಗಿಸಿ, ‘ಎನ್ ಪೆಸೋಸ್? ಪೋರ್ ತೋದೋಸ್?’ ಅಂತ ಕೇಳಿ. ಪೆಸೊದಲ್ಲಾ, ಎಲ್ಲರಿಗೂ ಸೇರಿಯಾ ಅಂತ ಅರ್ಥ. ಎರಡನೆಯದನ್ನು ಜನ ಮರೆಯುತ್ತಾರೆ. ನಾಲ್ಕು ಜನ ಇಳಿದ ಮೇಲೆ ‘ಅದು ಒಬ್ಬರಿಗೆ’ ಅನ್ನುವ ಆಟವೂ ಉಂಟು. ಅವರು ‘ಸೀ’ (ಹೌದು) ಅಂದ ಮೇಲೆ ಅಮ್ಮನನ್ನು ಹತ್ತಿಸಿ. ಸಾಮಾನು ಡಿಕ್ಕಿಗೆ ಹೋದ ಮೇಲೆ, ಬಾಗಿಲು ಮುಚ್ಚಿದ ಮೇಲೆ ಚೌಕಾಸಿ ಮಾಡಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಅಂದಹಾಗೆ ನಿಮ್ಮ ಐದಾರು ಕಿಲೋಮೀಟರ್‌ಗೆ ಟ್ಯಾಕ್ಸಿಯೇ ಬೇಕಿರಲಿಲ್ಲ. ಆ ಹೋಟೆಲ್ ವಲಯ ಅಂದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನಿಚುಪ್ತೆ ಲಗೂನು, ನಡುವೆ ಕುಕುಲ್ಕಾನ್ ಅನ್ನುವ ಒಂದೇ ರಸ್ತೆ. ವಿಳಾಸ ಕೂಡ ಕಿಲೋಮೀಟರ್ ಲೆಕ್ಕದಲ್ಲೇ. ಅದೇ ರಸ್ತೆಯಲ್ಲಿ ಆರ್-1, ಆರ್-2 ಬಸ್ಸುಗಳು ರಾತ್ರಿ ಹೊತ್ತಿನವರೆಗೂ ಓಡಾಡುತ್ತವೆ. ನಿಮ್ಮ ಕನಸಿನ ಮೂವತ್ತು ಪೆಸೊಗಿಂತ ಕಡಿಮೆಗೆ ಒಬ್ಬರು ಹೋಗಬಹುದು. ಚಿಲ್ಲರೆ ಇಟ್ಟುಕೊಳ್ಳಿ.

ಊಬರ್ ಇಲ್ವಾ ಅಂತ ಕೇಳುತ್ತೀರಿ. ಇದೆ, ಆದರೆ ಕ್ಯಾನ್‌ಕುನ್‌ನಲ್ಲಿ ಅದಕ್ಕೊಂದು ಕಥೆಯಿದೆ. 2023ರ ಜನವರಿಯಲ್ಲಿ ಊಬರ್ ಪರವಾಗಿ ಕೋರ್ಟ್ ಆದೇಶ ಬಂತು. ಟ್ಯಾಕ್ಸಿಯವರು ಸಿಟ್ಟಾಗಿ ಹೋಟೆಲ್ ವಲಯದ ರಸ್ತೆಯನ್ನೇ ಅಡ್ಡಗಟ್ಟಿದರು. ಪ್ರವಾಸಿಗರು ಸೂಟ್‌ಕೇಸ್ ಎಳೆದುಕೊಂಡು ನಡೆದರು, ಕೆಲವರನ್ನು ಪೊಲೀಸರೇ ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಆ ಜಗಳ ಪೂರ್ತಿ ಆರಿಲ್ಲ. ಆ್ಯಪ್ ಗಾಡಿ ಬುಕ್ ಮಾಡಿದರೆ ಟ್ಯಾಕ್ಸಿ ಸ್ಟ್ಯಾಂಡಿನ ಎದುರಿಗೇ ನಿಂತು ಕಾಯಬೇಡಿ. ಹೋಟೆಲ್ ಒಳಗಿರಿ, ಗಾಡಿ ಬಂದ ಮೇಲೆ ಹೊರಗೆ ಬನ್ನಿ.

ಪ್ರಶ್ನೆ: ಮೆಕ್ಸಿಕೊ ಸಿಟಿಯಲ್ಲಿ ಟ್ಯಾಕ್ಸಿ ಇಳಿಯುವಾಗ 500 ಪೆಸೊ ನೋಟು ಕೊಟ್ಟೆ. ಡ್ರೈವರ್ ತಿರುಗಿ ‘ಇದು 20ರ ನೋಟು’ ಅಂತ ನನಗೇ ತೋರಿಸಿದರು. ನಿಜವಾಗಿ 20ರದ್ದೇ ಇತ್ತು! ನಾಚಿಕೆಯಾಗಿ ಇನ್ನೊಂದು 500 ಕೊಟ್ಟೆ. ರೂಮಿಗೆ ಬಂದು ಲೆಕ್ಕ ಹಾಕಿದರೆ ಎರಡು 500 ಹೋಗಿವೆ. ನಾನೇ ತಪ್ಪು ಮಾಡಿದೆನಾ?

ಉತ್ತರ: ಇಲ್ಲ. ನೋಟು ಬದಲಾಗಿದೆ. ನನಗೂ ಇದು ಆಗಿದೆ, ಹೇಳುತ್ತೇನೆ ಕೇಳಿ.

ಮೊದಲ ಸಲ ಆ ಊರಿಗೆ ಹೋದಾಗ ಹಿಂದಿನ ಸೀಟಿನಿಂದ 500ರ ನೋಟು ಚಾಚಿದೆ. ಡ್ರೈವರ್ ಮುಖ ರಸ್ತೆಯ ಕಡೆಗೇ ಇತ್ತು, ಬಲಗೈ ಮಾತ್ರ ಹಿಂದೆ ಬಂತು. ಆ ಕೈ ನೋಟು ಹಿಡಿದು ಕೆಳಗೆ, ಎರಡು ಮೊಣಕಾಲಿನ ನಡುವೆ ಇಳಿಯಿತು. ಮರುಕ್ಷಣ ಮೇಲೆ ಬಂದಾಗ ಬೆರಳ ನಡುವೆ ಅದೇ ನೀಲಿ ಬಣ್ಣ, ಅದೇ ಮುಖ, ಆದರೆ 20. ‘ಸೆನ್ಯೋರ್...’ ಅಂತ ಬೇಸರದ ದನಿಯಲ್ಲಿ ಅಂದರು, ನಾನೇ ಅವರಿಗೆ ಮೋಸ ಮಾಡಲು ಹೊರಟವನ ಹಾಗೆ. ನಾನು ಕ್ಷಮೆ ಬೇರೆ ಕೇಳಿದೆ!

ಈ ಆಟ ನಡೆಯುವುದಕ್ಕೆ ನೋಟುಗಳೇ ಅನುಕೂಲ ಮಾಡಿಕೊಟ್ಟಿವೆ. 2018ರ ಆಗಸ್ಟ್‌ನಲ್ಲಿ ಬಂದ ಹೊಸ 500ರ ನೋಟು ನೀಲಿ, ಅದರ ಮೇಲೆ ಆ ದೇಶದ ಹಿಂದಿನ ಕಾಲದ ಅಧ್ಯಕ್ಷ ಬೆನಿತೊ ಹುವಾರೆಸ್. ಹಳೆಯ 20ರ ನೋಟೂ ನೀಲಿ, ಅದರ ಮೇಲೂ ಅದೇ ಹುವಾರೆಸ್. ಅಲ್ಲಿನವರೇ ಕತ್ತಲಲ್ಲಿ ತಡವರಿಸುತ್ತಾರೆ, ನಮ್ಮ ಪಾಡೇನು! ಗುರುತು ಹಿಡಿಯುವುದು ಹೀಗೆ: 20ರದ್ದು ಪ್ಲಾಸ್ಟಿಕ್, ಮುಟ್ಟಿದರೆ ಜಾರುತ್ತದೆ. 500ರದ್ದು ಕಾಗದ, ಹಿಂಬದಿಯಲ್ಲಿ ಬೂದು ತಿಮಿಂಗಿಲ ಮರಿಯ ಜೊತೆ ಈಜುತ್ತಿದೆ. 2021ರಲ್ಲಿ ಬಂದ ಹೊಸ 20ರ ಹಿಂದೆ ಮೊಸಳೆ ಇದೆ, ಅದನ್ನು ಯಾರೂ 500 ಅಂದುಕೊಳ್ಳುವುದಿಲ್ಲ. (ಅದೇ ವರ್ಷದ 50ರ ನೋಟಿನಲ್ಲಿ ಆಹೊಲೋತೆ ಅನ್ನುವ ನೀರುಪ್ರಾಣಿ ನಗುತ್ತಿದೆ. ಮುದ್ದಾಗಿದೆ ಅಂತ ಜನ ಖರ್ಚು ಮಾಡದೆ ಎತ್ತಿಡುತ್ತಾರೆ. ನಾನೂ ಒಂದು ಇಟ್ಟುಕೊಂಡಿದ್ದೇನೆ.)

ಪರಿಹಾರ ಸುಲಭ. ಟ್ಯಾಕ್ಸಿಗೆ 500 ಕೊಡಲೇಬೇಡಿ. ಎಟಿಎಂನಿಂದ ಬಂದ ದೊಡ್ಡ ನೋಟನ್ನು ‘ಆಕ್ಸೊ’ ಅಂಗಡಿಯಲ್ಲಿ ನೀರಿನ ಬಾಟಲಿ ತಗೊಂಡು ಮುರಿಸಿ. ಬೀದಿಗೊಂದು ಇರುತ್ತವೆ. ಬೇರೆ ದಾರಿಯೇ ಇಲ್ಲದೆ ದೊಡ್ಡ ನೋಟು ಕೊಡಬೇಕಾದರೆ ಕೊಡುವಾಗಲೇ ಜೋರಾಗಿ ‘ಕಿನ್ಯೆಂತೊಸ್’ ಅನ್ನಿ, ಐನೂರು ಅಂತ. ಅವರ ಬಾಯಲ್ಲೂ ಅದು ಬರುವವರೆಗೆ ನೋಟಿನ ತುದಿ ಬಿಡಬೇಡಿ. ಕೊಡುವಾಗ ಅವರ ಮುಖ ನೋಡಬೇಡಿ, ಕೈ ನೋಡಿ.

ಪ್ರಶ್ನೆ: ನನ್ನ ತಮ್ಮ ಮುಂದಿನ ತಿಂಗಳು ಒಬ್ಬನೇ ಮೆಕ್ಸಿಕೊ ಸಿಟಿಗೆ ಹೋಗುತ್ತಿದ್ದಾನೆ. ವಿಮಾನ ಇಳಿಯುವುದು ರಾತ್ರಿ ಹನ್ನೊಂದಕ್ಕೆ. ಏರ್‌ಪೋರ್ಟ್‌ನಿಂದ ಹೇಗೆ ಹೋಗಲಿ ಅಂತ ಕೇಳುತ್ತಿದ್ದಾನೆ.

ಉತ್ತರ: ಮೊದಲು ಟಿಕೆಟ್ ನೋಡಲಿ. ಆ ಊರಿಗೆ ಎರಡು ಏರ್‌ಪೋರ್ಟ್. ಹಳೆಯದು ಬೆನಿತೊ ಹುವಾರೆಸ್ (ಹೌದು, ಅದೇ ನೋಟಿನವರು), ಊರೊಳಗೇ ಇದೆ. 2022ರ ಮಾರ್ಚ್‌ನಲ್ಲಿ ಶುರುವಾದ ಫೆಲಿಪೆ ಆಂಹೆಲೆಸ್ ಬಹಳ ದೂರ. ಅಲ್ಲಿಂದ ಬಾಡಿಗೆ ಜಾಸ್ತಿಯಾದರೆ ಅದಕ್ಕೆ ಡ್ರೈವರ್ ಕಾರಣ ಅಲ್ಲ.

ಹಳೆಯ ಏರ್‌ಪೋರ್ಟ್ ಆದರೆ, ಲಗೇಜ್ ತಗೊಂಡು ಹೊರಗೆ ಬರುತ್ತಿದ್ದ ಹಾಗೆ ‘ಟ್ಯಾಕ್ಸಿ, ಟ್ಯಾಕ್ಸಿ’ ಅಂತ ಬರುವವರಿಗೆಲ್ಲ ‘ನೊ, ಗ್ರಾಸ್ಯಾಸ್’, ಬೇಡ ಅಂತ. ಕತ್ತಿಗೆ ಐಡಿ ಕಾರ್ಡ್ ಹಾಕಿಕೊಂಡವರಿಗೂ ಅದೇ. ಒಳಗೇ ‘ತಾಕ್ಸಿ ಔತೊರಿಸಾದೊ’ (ಅಧಿಕೃತ ಟ್ಯಾಕ್ಸಿ) ಅಂತ ಬೋರ್ಡಿರುವ ಕೌಂಟರ್‌ಗಳಿವೆ. ಎಲ್ಲಿಗೆ ಅಂತ ಹೇಳಿದರೆ ವಲಯ ನೋಡಿ ದುಡ್ಡು ತಗೊಂಡು ಚೀಟಿ ಕೊಡುತ್ತಾರೆ. ನಮ್ಮ ರೈಲ್ವೆ ಸ್ಟೇಷನ್‌ನ ಪ್ರೀಪೇಯ್ಡ್ ಆಟೊ ಇದ್ದ ಹಾಗೆ. ಚೀಟಿ ತೋರಿಸಿ ಗಾಡಿ ಹತ್ತಬೇಕು, ಡ್ರೈವರ್‌ಗೆ ಬೇರೆ ಕೊಡಬೇಕಿಲ್ಲ. ಬೀದಿ ಟ್ಯಾಕ್ಸಿಗಿಂತ ದುಬಾರಿ. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಇರುವವನು ಆ ದುಡ್ಡನ್ನು ಕಣ್ಣುಮುಚ್ಚಿ ಕೊಡಲಿ. ಹಗಲಾಗಿದ್ದರೆ, ಬರೀ ಬೆನ್ನಿಗೆ ಚೀಲ ಇದ್ದಿದ್ದರೆ 5 ಪೆಸೊ ಮೆಟ್ರೊ ಹತ್ತು ಅನ್ನುತ್ತಿದ್ದೆ.

ಊರೊಳಗೆ ಗುಲಾಬಿ-ಬಿಳಿ ಬಣ್ಣದ ಟ್ಯಾಕ್ಸಿಗಳು ಓಡುತ್ತವೆ. ಅವಕ್ಕೆ ಮೀಟರ್ ಇದೆ. ಬೀದಿಯಲ್ಲಿ ಕೈ ತೋರಿಸಿ ಹತ್ತುವ ಗಾಡಿಯ ಮೀಟರ್ ಬಹಳ ವರ್ಷ 8.74 ಪೆಸೊದಿಂದ ಶುರುವಾಗಿ, ಪ್ರತಿ 250 ಮೀಟರ್‌ಗೋ 45 ಸೆಕೆಂಡ್‌ಗೋ ಒಂದು ಪೆಸೊ ಚಿಲ್ಲರೆ ಏರುತ್ತಿತ್ತು. ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ 20 ಶೇಕಡಾ ಜಾಸ್ತಿ, ಅದು ನಿಯಮವೇ. ಕಿಟಕಿಯ ಹತ್ತಿರ ಫೋಟೊ ಇರುವ ಪರವಾನಗಿ ಕಾರ್ಡ್ ತೂಗುತ್ತಿರಬೇಕು, ಅದರ ಮುಖಕ್ಕೂ ಡ್ರೈವರ್ ಮುಖಕ್ಕೂ ಹೊಂದಬೇಕು. ‘ನೊ ಸಿರ್ವೆ’ ಅಂದರೆ ಮೀಟರ್ ಕೆಟ್ಟಿದೆ ಅಂತ. ಬೆಂಗಳೂರಿನಲ್ಲಿ ಬೆಳೆದವನಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾ? ಇಳಿದು ಮುಂದಿನದು ನೋಡಲಿ.

ಆದರೆ ಕತ್ತಲಾದ ಮೇಲೆ ಬೀದಿಯಲ್ಲಿ ಕೈ ತೋರಿಸುವುದು ಬೇಡವೇ ಬೇಡ. ಆಗಿನ ಅಪಾಯ ಹೆಚ್ಚುವರಿ ಬಾಡಿಗೆ ಅಲ್ಲ. ಗಾಡಿಯಲ್ಲೇ ಸುತ್ತಿಸಿ ಎಟಿಎಂನಿಂದ ದುಡ್ಡು ತೆಗೆಸಿದ ಪ್ರಕರಣಗಳು ಆ ಊರಿನಲ್ಲಿ ನಡೆದಿವೆ. ರಾತ್ರಿ ಊಬರ್, ಅದರಂಥದೇ ಇನ್ನೊಂದು ಆ್ಯಪ್ ದಿದಿ, ಇಲ್ಲವೇ ಹೋಟೆಲಿನವರು ಫೋನ್ ಮಾಡಿ ಕರೆಸಿದ ಸ್ಟ್ಯಾಂಡ್ ಟ್ಯಾಕ್ಸಿ, ಇಷ್ಟೇ. ಹಗಲಲ್ಲೂ ಆ್ಯಪ್‌ನಿಂದ ಇನ್ನೊಂದು ಉಪಯೋಗ ಇದೆ. ಬುಕ್ ಮಾಡದಿದ್ದರೂ ಹೋಗಬೇಕಾದ ಜಾಗ ಹಾಕಿ ದರ ನೋಡಬಹುದು. ಬೀದಿ ಟ್ಯಾಕ್ಸಿಯವರು ಕೇಳುವುದು ನ್ಯಾಯವೋ ಅಲ್ಲವೋ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಅಮೆರಿಕದ ಅನೇಕ ಫೋನ್ ಪ್ಲಾನ್‌ಗಳು ಮೆಕ್ಸಿಕೊದಲ್ಲೂ ನಡೆಯುತ್ತವೆ. ತಮ್ಮನದು ನಡೆಯುತ್ತದಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಲಿ.

ಪ್ರಶ್ನೆ: ಜಾಸ್ತಿ ಕೊಟ್ಟ ದುಡ್ಡು ವಾಪಸು ಬರುತ್ತದಾ? ಯಾರಿಗೆ ದೂರು ಕೊಡಬೇಕು?

ಉತ್ತರ: ನಗದು ಕೊಟ್ಟಿದ್ದರೆ ಆಸೆ ಬಿಡಿ. ಆ್ಯಪ್‌ನಲ್ಲಾದರೆ ಅಲ್ಲೇ ದೂರು ಹಾಕಿ, ಬರುವ ಸಾಧ್ಯತೆ ಇದೆ.

ದೂರು ಕೊಡುವುದಾದರೆ ನಂಬರ್ ಪ್ಲೇಟಿನ ಫೋಟೊ ಬೇಕು. ಡ್ರೈವರ್ ಎದುರೇ ಫೋನ್ ಎತ್ತಿ ಕೆಣಕಬೇಡಿ. ಹತ್ತುವ ಮೊದಲೇ ಒಂದು ತೆಗೆದು ಮನೆಯವರಿಗೆ ಕಳಿಸುವ ಅಭ್ಯಾಸ ಇಟ್ಟುಕೊಳ್ಳಿ. ಟ್ಯಾಕ್ಸಿ ಪರವಾನಗಿ ಆಯಾ ರಾಜ್ಯದ ಸಾರಿಗೆಯವರ ಕೈಯಲ್ಲಿದೆ. ಮೆಕ್ಸಿಕೊ ಸಿಟಿಯಲ್ಲಿ ಸೆಮೊವಿ, ಕ್ಯಾನ್‌ಕುನ್ ಇರುವ ಕಿಂತಾನಾ ರೋದಲ್ಲಿ ಇಮೊವೆಕ್ರೊ. ಭಾಷೆ ಬರದಿದ್ದರೆ ಹೋಟೆಲ್ ರಿಸೆಪ್ಷನ್‌ನವರನ್ನೇ ಮುಂದೆ ಬಿಡಿ. ಪ್ರವಾಸಿಗರ ಸಹಾಯಕ್ಕೆ 078 ಇದೆ. ಬೆದರಿಸಿದರೆ, ಬಾಗಿಲು ತೆಗೆಯದಿದ್ದರೆ ಸೀದಾ 911. ಬಾಡಿಗೆ ಜಗಳಕ್ಕೆ ಮಾತ್ರ 911 ಒತ್ತಬೇಡಿ.

ಪ್ರಶ್ನೆ: ಟ್ಯಾಕ್ಸಿಯವರಿಗೆ ಟಿಪ್ಸ್ ಕೊಡಬೇಕಾ? ಕೊಡದಿದ್ದರೆ ಮುಖ ಗಂಟು ಹಾಕುತ್ತಾರೆ.

ಉತ್ತರ: ಹೋಟೆಲ್ ಊಟಕ್ಕೆ ಕೊಡುವುದು ಅಲ್ಲಿ ರೂಢಿ, ಟ್ಯಾಕ್ಸಿಗೆ ಅಲ್ಲ. ಸೂಟ್‌ಕೇಸ್ ಎತ್ತಿ ಇಟ್ಟರೆ ಹತ್ತಿಪ್ಪತ್ತು ಪೆಸೊ ಕೊಡಿ. ಮುಖ ಗಂಟು ಹಾಕಿದವರು ಅಮೆರಿಕದ ಪ್ರವಾಸಿಗರನ್ನು ಜಾಸ್ತಿ ನೋಡಿದವರು ಇರಬೇಕು.