ಅಥೆನ್ಸ್‌ನಲ್ಲಿ ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲದ ಊಟ ಸಿಗುತ್ತದೆಯೇ?

ಸಿಗುತ್ತದೆ, ಅದೂ ಧಾರಾಳವಾಗಿ. 'ವೀಗನ್ ಹೋಟೆಲ್' ಅಂತ ಮೊಬೈಲಿನಲ್ಲಿ ಹುಡುಕುತ್ತಾ ಕೂರುವ ಬದಲು ಒಂದು ಗ್ರೀಕ್ ಪದ ಕಲಿತು ಹೋಗಿ: 'ನಿಸ್ತೀಸಿಮೊ', ಅಂದರೆ ಉಪವಾಸದ ಅಡುಗೆ. ಈಸ್ಟರ್‌ಗೆ ಮುಂಚಿನ ಏಳು ವಾರ, ಜೊತೆಗೆ ವರ್ಷದ ಹೆಚ್ಚಿನ ಬುಧವಾರ, ಶುಕ್ರವಾರಗಳಂದು ಮಾಂಸ, ಹಾಲು, ಮೊಟ್ಟೆ ಬಿಡುವುದು ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರ ಪದ್ಧತಿ. ನಮ್ಮ ಏಕಾದಶಿಯಂತೆಯೇ, ಎಲ್ಲರೂ ಪಾಲಿಸುವುದಿಲ್ಲ. ಅಡುಗೆ ಮಾತ್ರ ಉಳಿದುಕೊಂಡಿದೆ.

ಒಂದು ತೊಡಕಿದೆ. ಸೀಗಡಿ, ಸ್ಕ್ವಿಡ್‌ನಂಥ ಕಡಲಜೀವಿಗಳು, ಜೇನುತುಪ್ಪ ಎಲ್ಲವೂ ಅವರ ಲೆಕ್ಕದಲ್ಲಿ ಉಪವಾಸಕ್ಕೆ ಸಲ್ಲುತ್ತವೆ. ಹಾಗಾಗಿ ಆ ಪದವೊಂದನ್ನೇ ನಂಬಬೇಡಿ, ಒಳಗೇನಿದೆ ಅಂತ ಕೇಳಿ.

ತವೆರ್ನಾಗಳ, ಅಂದರೆ ಅಲ್ಲಿನ ಸಾಂಪ್ರದಾಯಿಕ ಊಟದ ಹೋಟೆಲ್‌ಗಳ, ಮೆನುವಿನಲ್ಲಿ 'ಲದೆರಾ' ಎಂಬ ಭಾಗ ನೋಡಿ. ಆಲಿವ್ ಎಣ್ಣೆಯಲ್ಲಿ, ಸಾಮಾನ್ಯವಾಗಿ ಟೊಮೆಟೊ ಜೊತೆ, ನಿಧಾನಕ್ಕೆ ಬೇಯಿಸಿದ ತರಕಾರಿಗಳವು. 'ಬಾಮ್ಯೆಸ್' ಅಂದರೆ ನಮ್ಮ ಬೆಂಡೆಕಾಯಿಯೇ. 'ಫಾವಾ' ತಪ್ಪಿಸಬೇಡಿ: ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ, ನಿಂಬೆರಸ. ಥೇಟ್ ಒಗ್ಗರಣೆ ಹಾಕದ ತೊವ್ವೆ! ಬ್ರೆಡ್ಡಿಗೆ ಹಚ್ಚಿಕೊಂಡು ತಿಂದರೆ ಹೊಟ್ಟೆ ತುಂಬುತ್ತದೆ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ 'ದೊಲ್ಮಾದೆಸ್' ಕೆಲವೆಡೆ ಮಾಂಸ ಹಾಕಿಯೂ ಮಾಡುತ್ತಾರೆ, ವಿಚಾರಿಸಿಕೊಳ್ಳಿ. ಬೆಳಗಿನ ತಿಂಡಿಗೆ ಬೀದಿಬದಿಯ ಗಾಡಿಗಳಲ್ಲಿ ಎಳ್ಳು ಮೆತ್ತಿದ ಬಳೆಯಾಕಾರದ 'ಕುಲೂರಿ' ಇದೆ.

ಸಲಾಡ್ ಹೇಳುವಾಗ 'ಹೋರಿಸ್ ಫೆತಾ' ಅನ್ನಿ, ಫೆತಾ ಚೀಸ್ ಬೇಡ ಅಂತ. ನಾನು ಮೊದಲ ದಿನ ಮರೆತೆ. ಸೌತೆಕಾಯಿ, ಟೊಮೆಟೊ ಮೇಲೆ ಸೋಪಿನ ಬಿಲ್ಲೆಯಷ್ಟು ದಪ್ಪದ ಚೀಸ್ ಕೂತು ಬಂತು.