ನಿಫ್ಟಿ ಏರಿತು, ನನ್ನ ಕಾಲ್ ಯಾಕೆ ಇಳಿಯಿತು? – ಷೇರುಪೇಟೆ ಹೊಸಬರ ಪ್ರಶ್ನೋತ್ತರ

ಪ್ರಶ್ನೆ: ಗುರುವಾರ ನಿಫ್ಟಿ 25,000ದಲ್ಲಿದ್ದಾಗ 25,200ರ ಕಾಲ್ ಆಪ್ಷನ್ ಅನ್ನು 60 ರೂಪಾಯಿಗೆ ಕೊಂಡೆ. ಮಂಗಳವಾರದ ಹೊತ್ತಿಗೆ ನಿಫ್ಟಿ 25,180ಕ್ಕೆ ಬಂತು. ನನ್ನ ಊಹೆ ಸರಿಯಾಗಿಯೇ ಇತ್ತಲ್ಲ, ಹಣ ಪೂರ್ತಿ ಹೋಗಿದ್ದು ಹೇಗೆ? (ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಊಹೆ ಅರ್ಧ ಸರಿ. ಆಪ್ಷನ್ ಕೊಳ್ಳುವವರು ದಿಕ್ಕನ್ನಷ್ಟೇ ಅಲ್ಲ, ಎಷ್ಟು ದೂರ, ಎಷ್ಟು ದಿನದಲ್ಲಿ ಎಂಬುದನ್ನೂ ಊಹಿಸಬೇಕು.

25,200ರ ಕಾಲ್ ಅಂದರೆ ನಿಫ್ಟಿ ಸೂಚ್ಯಂಕ 25,200 ದಾಟಿದ ಮೇಲಿನ ಭಾಗ ಮಾತ್ರ ನಿಮ್ಮದು. ಎಕ್ಸ್‌ಪೈರಿ ದಿನ, ಅಂದರೆ ಆಪ್ಷನ್‌ನ ಅವಧಿ ಮುಗಿಯುವ ದಿನ (ನಿಮ್ಮದಕ್ಕೆ ಆ ಮಂಗಳವಾರ), ಅದು 25,180ರಲ್ಲಿ ನಿಂತರೆ ನಿಮ್ಮ ಪಾಲು ಸೊನ್ನೆ. ಕೊಟ್ಟ 60 ರೂಪಾಯಿಯಾದರೂ ಹುಟ್ಟಬೇಕಾದರೆ 25,260 ಮುಟ್ಟಬೇಕಿತ್ತು. ಲಾಟ್ (ಒಮ್ಮೆಗೆ ಕೊಳ್ಳಲೇಬೇಕಾದ ಕಟ್ಟು) 65 ಎಂದು ಹಿಡಿದರೆ 60 × 65 = 3,900 ರೂಪಾಯಿ ಹೋಯಿತು. (ಲಾಟ್ ಗಾತ್ರ ಆಗಾಗ ಬದಲಾಗುತ್ತದೆ. 2024ರ ನವೆಂಬರ್‌ನಲ್ಲಿ 25 ಇದ್ದದ್ದು 75 ಆಯಿತು, ಆಮೇಲೆ ಮತ್ತೆ ಬದಲಾಯಿತು. ಆರ್ಡರ್ ಹಾಕುವಾಗ ತೆರೆಯಲ್ಲಿ ಕಾಣುವುದನ್ನೇ ನಂಬಿ.)

ಇನ್ನು ದಿನ ಕಳೆದಂತೆ ಏನಾಗುತ್ತದೆ ನೋಡಿ. ನಿಫ್ಟಿ ಜಾಗ ಬಿಟ್ಟು ಕದಲಲೇ ಇಲ್ಲ ಎಂದುಕೊಳ್ಳಿ. ಗುರುವಾರ 60 ಇದ್ದ ಪ್ರೀಮಿಯಂ (ಆಪ್ಷನ್‌ನ ಬೆಲೆ) ಶುಕ್ರವಾರ 45ರ ಆಸುಪಾಸಿಗೆ, ಸೋಮವಾರ ಬೆಳಿಗ್ಗೆ 30ಕ್ಕೂ ಕೆಳಗೆ ಬಂದಿರುತ್ತದೆ. ನೀವು ಕೊಟ್ಟ ದುಡ್ಡಿನಲ್ಲಿ ಕಾಲದ ಬೆಲೆ ಸೇರಿದೆ, ಅದು ಬಿಸಿಲಿಗಿಟ್ಟ ಮಂಜುಗಡ್ಡೆಯಂತೆ ಕರಗುತ್ತದೆ. ಎಕ್ಸ್‌ಪೈರಿ ಹತ್ತಿರವಾದಷ್ಟೂ ಬೇಗ ಕರಗುತ್ತದೆ.

ಬಜೆಟ್, ಚುನಾವಣಾ ಫಲಿತಾಂಶದಂಥ ದಿನಗಳಲ್ಲಿ ಮತ್ತೊಂದು ಸಂಗತಿಯಿದೆ. ಏನಾಗುತ್ತದೋ ಎಂಬ ದಿಗಿಲಿಗೆ ಪ್ರೀಮಿಯಂ ಮೊದಲೇ ಉಬ್ಬಿರುತ್ತದೆ. ಸುದ್ದಿ ಹೊರಬಿದ್ದ ಕೂಡಲೇ ಆ ಉಬ್ಬರ ಇಳಿಯುತ್ತದೆ. ಸೂಚ್ಯಂಕ ನಿಮ್ಮ ಕಡೆಗೇ 100 ಅಂಶ ಹೋದರೂ ಕಾಲ್ ಕೆಂಪಿನಲ್ಲಿರುವುದು ಇದರಿಂದಲೇ. ಇಂಥ ದಿನದ ಹಿಂದಿನ ಸಂಜೆ ಆಪ್ಷನ್ ಕೊಳ್ಳುವುದು ಹಬ್ಬದ ಮುನ್ನಾದಿನ ಮಲ್ಲಿಗೆ ಕೊಂಡ ಹಾಗೆ.

ಪ್ರಶ್ನೆ: ಸ್ಟಾಪ್ ಲಾಸ್ ಹಾಕಿದ್ದೆ, ಆದರೂ ನಷ್ಟ ನಿಲ್ಲಲಿಲ್ಲ. ಆರ್ಡರ್ ಬಾಕಿ ಎಂದೇ ತೋರಿಸುತ್ತಿತ್ತು. ಆಪ್‌ನ ತಪ್ಪೇ? (ಹಾಸನ)

ಉತ್ತರ: ಬಹುಪಾಲು ಆಪ್‌ನ ತಪ್ಪಲ್ಲ. ಸ್ಟಾಪ್ ಲಾಸ್ ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರು ಎಂದು ಮೊದಲೇ ಹಾಕಿಡುವ ಆರ್ಡರ್. ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) 2021ರ ಸೆಪ್ಟೆಂಬರ್‌ನಿಂದ ಆಪ್ಷನ್‌ಗಳಿಗೆ ಸ್ಟಾಪ್ ಲಾಸ್ ಮಾರ್ಕೆಟ್ ಆರ್ಡರ್ (ಆಗ ಸಿಕ್ಕ ಬೆಲೆಗೆ ಮಾರುವಂಥದ್ದು) ನಿಲ್ಲಿಸಿದೆ. ಈಗಿರುವುದು ಸ್ಟಾಪ್ ಲಾಸ್ ಲಿಮಿಟ್. ಅದರಲ್ಲಿ ಎರಡು ಬೆಲೆ ತುಂಬಬೇಕು: ಆರ್ಡರ್‌ಗೆ ಜೀವ ಬರುವ ಟ್ರಿಗರ್ ಬೆಲೆ, ಅದಕ್ಕಿಂತ ಕಡಿಮೆಗೆ ಮಾರಬೇಡ ಎನ್ನುವ ಲಿಮಿಟ್ ಬೆಲೆ.

ನೀವು ಟ್ರಿಗರ್ 45, ಲಿಮಿಟ್ 44.90 ಎಂದು ಹಾಕಿರುತ್ತೀರಿ. ಪ್ರೀಮಿಯಂ 47ರಿಂದ ಒಂದೇ ಜಿಗಿತಕ್ಕೆ 38ಕ್ಕೆ ಇಳಿದರೆ ಆರ್ಡರ್‌ಗೆ ಜೀವ ಬರುತ್ತದೆ, ಆದರೆ 44.90 ಕೊಡುವವರು ಯಾರೂ ಇರುವುದಿಲ್ಲ. ಆರ್ಡರ್ ಅಲ್ಲೇ ಕೂರುತ್ತದೆ, ಬೆಲೆ ಇಳಿಯುತ್ತಲೇ ಹೋಗುತ್ತದೆ. ಟ್ರಿಗರ್ 45 ಇದ್ದರೆ ಲಿಮಿಟ್ 40ರ ಸುಮಾರಿಗೆ ಇಡಿ. 40ಕ್ಕೇ ಮಾರಾಟವಾಗುತ್ತದೆ ಎಂದು ಇದರರ್ಥವಲ್ಲ, ಆ ಕ್ಷಣ ಸಿಗುವ ಒಳ್ಳೆಯ ಬೆಲೆಗೇ ಹೋಗುತ್ತದೆ.

ಹೊಸಬರು ಮಾಡುವ ಇನ್ನೊಂದು ತಪ್ಪು, ಸ್ಟಾಪ್ ಲಾಸ್ ಬದಲು ಬರೀ ಲಿಮಿಟ್ ಆಯ್ದು 45ಕ್ಕೆ ಮಾರು ಎನ್ನುವುದು. ಬೆಲೆ ಆಗ 60 ಇದ್ದರೆ ಆ ಕ್ಷಣವೇ ಮಾರಾಟವಾಗಿಬಿಡುತ್ತದೆ. ನೆನಪಿಡಿ, ಆ ದಿನದ ಸ್ಟಾಪ್ ಲಾಸ್ ಮಧ್ಯಾಹ್ನ 3.30ಕ್ಕೆ ಸತ್ತುಹೋಗುತ್ತದೆ, ಮರುದಿನ 9.15ಕ್ಕೆ ಹೊಸದಾಗಿ ಹಾಕಬೇಕು.

ಹಾಗೆಯೇ, ಖರೀದಿಗೆ ಮುಂಚೆ ಕೊಳ್ಳುವವರ ಮತ್ತು ಮಾರುವವರ ಬೆಲೆಗಳ ನಡುವಿನ ಅಂತರ ನೋಡಿ. ಒಂದು ಕಡೆ 41.20, ಇನ್ನೊಂದು ಕಡೆ 44.80 ಇದ್ದರೆ, ಮಾರ್ಕೆಟ್ ಆರ್ಡರ್‌ನಲ್ಲಿ ಕೊಂಡು ಆಗಲೇ ಮಾರಿದರೂ 65ರ ಲಾಟ್‌ಗೆ 234 ರೂಪಾಯಿ ಕೈಬಿಟ್ಟಿತು. ನಿಫ್ಟಿಯ ಈಗಿನ ಮಟ್ಟಕ್ಕೆ ಹತ್ತಿರದ ಸ್ಟ್ರೈಕ್‌ಗಳಲ್ಲಿ (25,200ರ ಕಾಲ್‌ನಲ್ಲಿ 25,200 ಎಂಬ ಅಂಕಿಯೇ ಸ್ಟ್ರೈಕ್) ಈ ಅಂತರ ಕೆಲವು ಪೈಸೆ. ಬಿಡಿ ಕಂಪನಿಗಳ ದೂರದ ಸ್ಟ್ರೈಕ್‌ಗಳಲ್ಲಿ ರೂಪಾಯಿಗಟ್ಟಲೆ.

ಪ್ರಶ್ನೆ: ಕೊಳ್ಳುವವರು ಸೋಲುತ್ತಾರೆ, ಆಪ್ಷನ್ ಮಾರುವವರೇ ಗೆಲ್ಲುತ್ತಾರೆ ಅನ್ನುತ್ತಾರೆ. ನಾನೂ ಮಾರಲೇ? (ಬೆಳಗಾವಿ)

ಉತ್ತರ: ಮಾರುವವರು ಹೆಚ್ಚು ಸಲ ಗೆಲ್ಲುತ್ತಾರೆ, ಸೋಲುವಾಗ ಒಟ್ಟಿಗೆ ಸೋಲುತ್ತಾರೆ. 2024ರ ಜೂನ್ 3ರಂದು ನಿಫ್ಟಿ 23,263.90ರಲ್ಲಿ ಮುಗಿದಿತ್ತು. ಆ ಸಂಜೆ 23,000ದ ಪುಟ್ (ಸೂಚ್ಯಂಕ 23,000ಕ್ಕಿಂತ ಕೆಳಗಿಳಿದಷ್ಟನ್ನು ಮಾರಿದವರು ಕೊಂಡವರಿಗೆ ಕೊಡಬೇಕಾದ ಆಪ್ಷನ್) ಮಾರಿಟ್ಟುಕೊಂಡವರು ನಿಶ್ಚಿಂತೆಯಿಂದ ಮಲಗಿರಬಹುದು. ಮರುದಿನ ಲೋಕಸಭಾ ಫಲಿತಾಂಶ. ಸೂಚ್ಯಂಕ 21,884.50ಕ್ಕೆ ಬಿತ್ತು. ಅಂದಿನ ಲಾಟ್ 25. ಒಂದೇ ಲಾಟ್‌ಗೆ 1,115.50 ಅಂಶದ ಗುಂಡಿ, ಅಂದರೆ ಹೆಚ್ಚುಕಡಿಮೆ 27,900 ರೂಪಾಯಿ.

ಮಾರಲೇಬೇಕೆಂದಿದ್ದರೆ ಬೆನ್ನಿಗೊಂದು ಖರೀದಿ ಇಟ್ಟುಕೊಳ್ಳಿ. 24,800ರ ಪುಟ್ ಅನ್ನು 55ಕ್ಕೆ ಮಾರಿ, 24,600ರ ಪುಟ್ ಅನ್ನು 25ಕ್ಕೆ ಕೊಂಡರೆ ಕೈಗೆ ಬರುವುದು 30 × 65 = 1,950 ರೂಪಾಯಿ. ಏನೇ ಆದರೂ ನಷ್ಟ 170 × 65 = 11,050 ದಾಟದು (ಖರ್ಚು ಬೇರೆ). ಮಾರ್ಜಿನ್ (ಬ್ರೋಕರ್ ಬಳಿ ಇಡಬೇಕಾದ ಭದ್ರತಾ ಹಣ) ಕೂಡ ಗಣನೀಯವಾಗಿ ತಗ್ಗುತ್ತದೆ. ಆದರೆ ಕ್ರಮ ತಪ್ಪಬಾರದು: ಹಾಕುವಾಗ ಮೊದಲು ಕೊಳ್ಳಿ, ಆಮೇಲೆ ಮಾರಿ. ಮುಗಿಸುವಾಗ ಮಾರಿದ್ದನ್ನು ಮೊದಲು ಬಿಡಿಸಿಕೊಳ್ಳಿ. ಉಲ್ಟಾ ಮಾಡಿದರೆ ಆ ಕ್ಷಣಕ್ಕೆ ನಿಮ್ಮ ಬೆನ್ನು ಬರಿದು, ಮಾರ್ಜಿನ್ ಒಮ್ಮೆಗೇ ಲಕ್ಷ ದಾಟುತ್ತದೆ.

ಪ್ರಶ್ನೆ: ಕಂಪನಿಯೊಂದರ 1,500ರ ಕಾಲ್ ಇದೆ. ಎಕ್ಸ್‌ಪೈರಿವರೆಗೆ ಹಾಗೇ ಬಿಟ್ಟರೆ ಲಾಭ ತಾನಾಗಿ ಖಾತೆಗೆ ಬರುತ್ತದಲ್ಲವೇ? (ಮಂಗಳೂರು)

ಉತ್ತರ: ನಿಫ್ಟಿಯಾದರೆ ಬರುತ್ತದೆ. ಕಂಪನಿ ಷೇರಿನ ಆಪ್ಷನ್ ಹಾಗಲ್ಲ, 2019ರ ಅಕ್ಟೋಬರ್‌ನಿಂದ ಎಲ್ಲವೂ ಷೇರು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಷೇರು 1,505ಕ್ಕೆ ಮುಗಿದು ನಿಮ್ಮ ಲಾಟ್ 400 ಆಗಿದ್ದರೆ, ಬರುವುದು 2,000 ರೂಪಾಯಿ ಲಾಭವಲ್ಲ, 400 ಷೇರು. ಅದಕ್ಕೆ 6 ಲಕ್ಷ ಕಟ್ಟಬೇಕು. ಪುಟ್ ಇಟ್ಟುಕೊಂಡು ಷೇರು 1,500ಕ್ಕಿಂತ ಕೆಳಗೆ ಮುಗಿದಿದ್ದರೆ 400 ಷೇರು ಕೊಡಬೇಕು, ಇಲ್ಲದಿದ್ದರೆ ವ್ಯವಹಾರ ಹರಾಜಿಗೆ ಹೋಗುತ್ತದೆ. ಕೊನೆಯ ನಾಲ್ಕು ದಿನ ಮಾರ್ಜಿನ್ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಆ ಏರಿಕೆ ಶುರುವಾಗುವ ಮೊದಲೇ ಮಾರಿ ಹೊರಬನ್ನಿ.

ಪ್ರಶ್ನೆ: ನನ್ನ ಹತ್ತಿರ 20,000 ರೂಪಾಯಿ ಇದೆ. ದಿನಕ್ಕೆ 500 ಗಳಿಸಿದರೆ ಸಾಕು. ಆಗದೇ? (ಕೊಪ್ಪಳ)

ಉತ್ತರ: ದಿನಕ್ಕೆ 500 ಅಂದರೆ ದಿನಕ್ಕೆ ಶೇ. 2.5. ಬ್ಯಾಂಕಿನ ಠೇವಣಿ ನಾಲ್ಕೈದು ತಿಂಗಳಿಗೆ ಕೊಡುವುದನ್ನು ನೀವು ಒಂದು ಹಗಲಿಗೆ ಕೇಳುತ್ತಿದ್ದೀರಿ. ಷೇರುಪೇಟೆಯ ನಿಯಂತ್ರಕ ಸೆಬಿ 2021–22ರಿಂದ 2023–24ರವರೆಗಿನ ಮೂರು ವರ್ಷದ ಲೆಕ್ಕ ತೆಗೆದಾಗ, ಫ್ಯೂಚರ್ಸ್ ಮತ್ತು ಆಪ್ಷನ್‌ನಲ್ಲಿದ್ದ ಬಿಡಿ ವ್ಯಾಪಾರಿಗಳಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

ಖರ್ಚೂ ಸಣ್ಣದಲ್ಲ. 60ಕ್ಕೆ ಕೊಂಡು 62ಕ್ಕೆ ಮಾರಿದರೆ ಲಾಟ್‌ಗೆ 130 ರೂಪಾಯಿ. ಆರ್ಡರ್‌ಗೆ 20ರಂತೆ ಎರಡು ಬ್ರೋಕರೇಜ್, ಜಿಎಸ್‌ಟಿ, ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ), ಎಕ್ಸ್‌ಚೇಂಜ್ ಶುಲ್ಕ ಸೇರಿ ಸುಮಾರು 55ರಿಂದ 60 ಹೋಗುತ್ತದೆ. ಆ 20,000ದಲ್ಲಿ ಎರಡು ಮೂರು ಕಂಪನಿಯ ಷೇರು ಡೆಲಿವರಿಗೆ (ನಿಮ್ಮ ಖಾತೆಯಲ್ಲೇ ಇಟ್ಟುಕೊಳ್ಳಲು) ಕೊಂಡು, ಆರು ತಿಂಗಳು ಆರ್ಡರ್, ಕಾಂಟ್ರ್ಯಾಕ್ಟ್ ನೋಟ್ (ದಿನದ ವಹಿವಾಟಿನ ರಸೀದಿ), ಲೆಡ್ಜರ್ (ಹಣದ ಲೆಕ್ಕಪಟ್ಟಿ) ಓದುವುದನ್ನು ಕಲಿಯಿರಿ. ಅಲ್ಲಿ ಎಕ್ಸ್‌ಪೈರಿಯ ಗಡಿಯಾರ ಇರುವುದಿಲ್ಲ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪಿನವರು ಕೊಟ್ಟ ಆಪ್‌ನಲ್ಲಿ ನನ್ನ 50,000 ಈಗ 4 ಲಕ್ಷ ಎಂದು ತೋರಿಸುತ್ತಿದೆ. ಹಿಂಪಡೆಯಲು ಮೊದಲು ಶೇ. 20 ತೆರಿಗೆ ಕಟ್ಟಿ ಎನ್ನುತ್ತಾರೆ. (ಬೆಂಗಳೂರು)

ಉತ್ತರ: ಕಟ್ಟಬೇಡಿ. ಇದು ವಂಚನೆ. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಕಳಿಸಿದ ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಯ ಗುರುತು ಸಂಖ್ಯೆ) ಕೈಯಲ್ಲಿರಲಿ. ಯಾವ ಬ್ರೋಕರೂ ಹಣ ಬಿಡಿಸಲು ತೆರಿಗೆ ಮುಂಗಡ ಕೇಳುವುದಿಲ್ಲ. ನಿಜವಾಗಿ ಷೇರು ಕೊಂಡಿದ್ದರೆ ಷೇರುಗಳ ದಾಖಲೆ ಇಡುವ ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್ ಕಳಿಸುವ ಸ್ಟೇಟ್‌ಮೆಂಟ್‌ನಲ್ಲಿ ಕಾಣಬೇಕು. ಅಲ್ಲಿ ಇಲ್ಲದ ಷೇರು ಎಲ್ಲೂ ಇಲ್ಲ. ಹಣ ಕಳಿಸಿದ ಖಾತೆ ಯಾರದೋ ವ್ಯಕ್ತಿಯ ಅಥವಾ ಟ್ರೇಡರ್ಸ್ ಹೆಸರಿನದಾಗಿದ್ದರೆ ಅಲ್ಲೇ ಗುಟ್ಟು ಬಯಲು.

ಪ್ರಶ್ನೆ: ಸಂಬಳದವನು. ಆಪ್ಷನ್‌ನಲ್ಲಿ 25,000 ನಷ್ಟವಾಗಿದೆ. ನಷ್ಟಕ್ಕೂ ರಿಟರ್ನ್‌ನಲ್ಲಿ ಲೆಕ್ಕ ಕೊಡಬೇಕೇ? (ಮೈಸೂರು)

ಉತ್ತರ: ಕೊಡಬೇಕು, ಅದೂ ಐಟಿಆರ್-3ರಲ್ಲಿ (ವ್ಯಾಪಾರದ ಆದಾಯ ಇರುವವರ ರಿಟರ್ನ್ ನಮೂನೆ), ಗಡುವಿನೊಳಗೆ. ಇದು ವ್ಯಾಪಾರದ ನಷ್ಟ. ಸಂಬಳದಲ್ಲಿ ಕಳೆಯಲು ಬರುವುದಿಲ್ಲ, ಅದೇ ವರ್ಷದ ಬಾಡಿಗೆ, ಬಡ್ಡಿಯಂಥ ಆದಾಯದಲ್ಲಿ ಕಳೆಯಬಹುದು. ಉಳಿದದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ಗಡುವು ದಾಟಿ ಸಲ್ಲಿಸಿದರೆ ಆ ಸೌಲಭ್ಯ ಇಲ್ಲ. ವಹಿವಾಟಿನ ಮೊತ್ತ ಎಣಿಸುವಾಗ ಲಾಭ ನಷ್ಟ ಎರಡನ್ನೂ ಕೂಡಿಸಬೇಕು: 40,000 ಲಾಭ, 65,000 ನಷ್ಟ ಇದ್ದರೆ ಅದು 25,000 ಅಲ್ಲ, 1,05,000. ಬ್ರೋಕರ್ ಕೊಡುವ ತೆರಿಗೆ ವರದಿಯಲ್ಲಿ ಈ ಸಾಲು ಸಿದ್ಧವಾಗಿಯೇ ಇರುತ್ತದೆ.